ಎಲ್ಲಿಗೆಂದು ಕೇಳುವವರು

ಕುಂಬ್ಡಾಜೆ
ಜನವರಿ ೧೮, ೨೦೨೫

ನಿಶ್ಮಿತಾಳ ಪಪ್ಪನಿಗೆ ದಮಯಂತಿಯ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ದಿನವೂ ಫೋನಿನಲ್ಲಿ ಸಿಗುವವಳಿಗೆ ಕಾಗದ ಯಾಕೆ ಎಂದು ನಗಬೇಡಿ. ಫೋನಿನಲ್ಲಾದರೆ ಇಲ್ಲಿ ಮಕ್ಕಳು, ಅಲ್ಲಿ ನಿಮ್ಮ ಕೋಣೆಯವರು. ಬರೆಯುತ್ತೇನೆ ಎಂದುಕೊಂಡೇ ತಿಂಗಳುಗಳು ಕಳೆದವು, ಕ್ಷಮಿಸಿ. ಉದಯಶಂಕರಣ್ಣ ನಾಳೆ ಶಾರ್ಜಾಕ್ಕೆ ಹೊರಡುತ್ತಾರೆ. ಉಪ್ಪಿನಕಾಯಿಯ ಜೊತೆ ಇದನ್ನೂ ಕೊಡುತ್ತೇನೆ.

ಒಂದು ಸುದ್ದಿ ಮುಚ್ಚಿಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ದಿನಾ ಬೆಳಿಗ್ಗೆ ನಡೆಯಲು ಹೋಗುತ್ತಿದ್ದೇನೆ. ಏಪ್ರಿಲಿನಲ್ಲಿ ನೀವು ಬಂದಾಗ ಪೊಸಡಿಗುಂಪೆ ಗುಡ್ಡ ಹತ್ತಬೇಕೆಂದು ಆಸೆ. ಮದುವೆಯಾದಂದಿನಿಂದ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತ ಕೂತದ್ದೇ ಕೂತದ್ದು, ನಾಲ್ಕು ಮೆಟ್ಟಿಲಿಗೇ ಏದುಸಿರು. ಡಾಕ್ಟರಮ್ಮ ರಕ್ತ, ಬಿ.ಪಿ. ಎಲ್ಲ ನೋಡಿ, ಸದ್ಯಕ್ಕೆ ಹಾಲಿನ ಸೊಸೈಟಿಯ ತನಕ ನಿಧಾನ ಹೋಗಿ ಬನ್ನಿ, ಸಾಕು ಎಂದರು.

ಮೊದಲ ದಿನವೇ ಎಡವಟ್ಟು. ನೆರೆಕರೆಯ ಉಗ್ಗಪ್ಪ ಮಾವ ಎದುರು ಸಿಕ್ಕಿ ಎಲ್ಲಿಗೆ ಎಂದರು. ಕೆಲಸವಿಲ್ಲದೆ ತಿರುಗುವವಳು ಎನ್ನಿಸಿಕೊಳ್ಳಲು ನಾಚಿಕೆಯಾಗಿ ಬದಿಯಡ್ಕ ಪೇಟೆಗೆ ಎಂದುಬಿಟ್ಟೆ. ಅವರೂ ಅಲ್ಲಿಗೇ ಹೊರಟವರು! ಬಸ್ಸಿಗೆ ಕಾಯುವುದು ಬೇಡ, ನಡೆಯುವ ಎಂದರು. ಏರುದಾರಿಯಲ್ಲಿ ಎದೆ ಡವಡವ, ಬಾಯಲ್ಲಿ ಮಾತಿಲ್ಲ. ಮರ್ಯಾದೆ ಉಳಿಸಲು ಪೇಟೆ ಮುಟ್ಟಿ ಅರ್ಧ ಕಿಲೋ ಟೊಮೆಟೊ ತಂದೆ. ಆಮೇಲೆ ವಾರವಿಡೀ ಕಾಲು ಎತ್ತಲಾಗಲಿಲ್ಲ.

ಡಾಕ್ಟರಮ್ಮ ಬೈದರು. “ಇಷ್ಟು ವರ್ಷ ಕೂತ ಶರೀರ, ಒಂದೇ ದಿನದಲ್ಲಿ ಸರಿ ಮಾಡ್ಲಿಕ್ಕೆ ಆಗ್ತದಾ? ಮಾತಾಡಿಕೊಂಡು ನಡೀರಿ. ಮಾತು ಕಟ್ಟಿದ್ರೆ ನಿಲ್ಲಿ. ಎದೆ ನೋವು, ತಲೆ ತಿರುಗುವುದು ಎಂತ ಆದ್ರೂ ಕೂಡ್ಲೇ ಬನ್ನಿ.”

ಈಗ ಪಕ್ಕದ ಮನೆಯ ಹರಿಣಾಕ್ಷಿ ಜೊತೆಗಿದ್ದಾಳೆ. ಅವಳ ಮಾತಂತೂ ಯಾವ ಏರಿಗೂ ನಿಲ್ಲುವುದಿಲ್ಲ; ನನ್ನದು ನಿಂತಾಗ ಇಬ್ಬರೂ ಮೋರಿಯ ಕಟ್ಟೆಯಲ್ಲಿ ಕೂರುತ್ತೇವೆ. ದಾರಿ ಸ್ವಲ್ಪ ಸ್ವಲ್ಪವೇ ಉದ್ದವಾಗಿದೆ. ಬೀಡಿ ಕಟ್ಟುವಾಗಲೂ ನಡುವೆ ಎದ್ದು ಅಂಗಳಕ್ಕೆ ಸುತ್ತು ಬರುತ್ತೇನೆ. ಮೊನ್ನೆ ಉಗ್ಗಪ್ಪ ಮಾವ ಪುನಃ ಎಲ್ಲಿಗೆ ಎಂದಾಗ, “ಎಲ್ಲಿಗೂ ಅಲ್ಲ ಮಾವ, ಸುಮ್ಮನೆ ನಡೀಲಿಕ್ಕೆ” ಎಂದೆ. ಅವರು ನಕ್ಕರು, ನಾನೂ ನಕ್ಕೆ. ನಿಜಕ್ಕೂ ಖುಷಿಯಾಗಿದ್ದೇನೆ.

ಬಿಸಿಲಲ್ಲಿ ಕೆಲಸ ಮಾಡುವಾಗ ನೀರು ಕುಡಿಯಲು ಮರೆಯಬೇಡಿ. ನಾವು ನಂಬಿದ ದೈವಗಳು ನಿಮ್ಮ ಬೆನ್ನಿಗಿರಲಿ.

ನಿಮ್ಮ
ದಮಯಂತಿ

ಮರೆತ ಮಾತು: ಮರೆತದ್ದೂ ಅಲ್ಲ. ಕಳೆದ ರಜೆಯಲ್ಲಿ ಗುಂಪೆ ಗುಡ್ಡದ ಬುಡದಲ್ಲಿ ನೀವು ನಿಮ್ಮ ತಮ್ಮನಿಗೆ, “ಅವಳು ಕಾರಲ್ಲೇ ಕೂರ್ತಾಳೆ” ಎಂದದ್ದು ನನಗೆ ಕೇಳಿಸಿತ್ತು. ನೀವೆಲ್ಲ ಮೇಲೆ ತೆಗೆದ ಫೋಟೋ ಗೋಡೆಯಲ್ಲಿದೆ, ಅದರಲ್ಲಿ ನಾನಿಲ್ಲ. ಆ ದಿನ ಕಾರಿನಲ್ಲಿ ಅತ್ತಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ ಎಲ್ಲಿಗೆ ಎಂದು ಕೇಳುತ್ತಾರೆ. ನೀವು ಮಾತ್ರ “ಬರ್ತೀಯಾ” ಎಂದು ಕೇಳಲಿಲ್ಲ. ಈ ಸಲ ಕೇಳಿ. ನಿಂತು ನಿಂತಾದರೂ ಬರುತ್ತೇನೆ.