ಕೊನೆಯ ನಲವತ್ತು ಸೆಕೆಂಡು

ಜನವರಿ 10, 2025, ಶುಕ್ರವಾರ

ಬೆಳಗ್ಗಿನಿಂದ ಒಂದೇ ಕೈ ಬಿಡಿಸುತ್ತಿದ್ದೇನೆ. ತಾಯಿಯ ಕೈ, ಫೋನ್ ಹಿಡಿದದ್ದು. ಸೆಕೆಂಡಿಗೆ ಹನ್ನೆರಡು ಚಿತ್ರ — ಎರಡು ಗಂಟೆ ಕೂತರೆ ಬೆರಳೊಂದು ಅಲುಗುತ್ತದೆ. ಗೆಳೆಯ ರಸೆಲ್‌ನ ಹಾಡು ಮೂರೂವರೆ ನಿಮಿಷ; ಅದರ ವಿಡಿಯೋಗೆ ಅನಿಮೇಷನ್ ನನ್ನದು. ಮಗಳು ಮಾತಾಡುತ್ತಾಳೆ, ತಾಯಿ ಸ್ಕ್ರೀನ್ ನೋಡುತ್ತಾಳೆ; ಪ್ರತಿ ಸಲ ನೋಡಿದಾಗ ಮಗಳನ್ನು ಬಿಡಿಸಿದ ಗೆರೆ ಸ್ವಲ್ಪ ತೆಳುವಾಗುತ್ತದೆ. ಆ ಐಡಿಯಾ ನನ್ನದು.

ಅನೂಪ್ ನಮ್ಮ ಮಗಳು ಧೃತಿಯನ್ನು ಮುಹರ್ರಕ್ ಪೇಟೆಗೆ ಕರೆದುಕೊಂಡು ಹೋಗಿದ್ದಾನೆ, ನನಗೆ ಪುರುಸೊತ್ತು ಸಿಗಲಿ ಎಂದು. ಒಳ್ಳೆಯ ಗಂಡ. ಒಳ್ಳೆಯವನಾದಷ್ಟೂ ಹೇಳಲು ಕಷ್ಟ.

ಜನವರಿ 17

ರಸೆಲ್ ಬಂದಿದ್ದ. ಹೋಟೆಲ್ ಡ್ಯೂಟಿ ಮುಗಿಸಿ, ಟೈ ಕೂಡ ಬಿಚ್ಚದೆ. ಊರಲ್ಲಿ ಕಿನ್ನಿಗೋಳಿಯವನು, ಇಲ್ಲಿ ಗಲ್ಫಿನಲ್ಲಿ ಐದು ವರ್ಷದಿಂದ ನಮ್ಮ ಮನೆಯವನ ಹಾಗೆ. ಚಿತ್ರ ನೋಡಿದ. ಈ ತಾಯಿಯ ಮುಖ ನಿನಗೆ ಎಲ್ಲಿ ಸಿಕ್ಕಿತು ಎಂದ.

ಹೇಳಿಬಿಟ್ಟೆ. ಹೋದ ಜೂನ್, ಬಿಲ್ಡಿಂಗಿನ ಟೆರೇಸ್ ಪೂಲ್. ನಾನು ರೀಲ್ಸ್ ನೋಡುತ್ತಿದ್ದೆ. ಧೃತಿಗೆ ಆಗ ನಾಲ್ಕು ತುಂಬಿರಲಿಲ್ಲ. ಮುಳುಗಿದ್ದು ಗೊತ್ತಾಗಲಿಲ್ಲ. ಪಕ್ಕದ ಫ್ಲಾಟಿನ ಸಬೀನಾ ಉಟ್ಟ ಬಟ್ಟೆಯಲ್ಲೇ ಹಾರಿ ಎತ್ತಿದಳು. ಯಾರಿಗೂ ಹೇಳಲಿಲ್ಲ ಅವಳು. ನಾನೂ... ಅನೂಪ್‌ಗೆ ಕೂಡ.

ರಸೆಲ್ ಕಣ್ಣೊರೆಸಿಕೊಂಡ. ಇದು ಈ ಕೋಣೆ ಬಿಟ್ಟು ಹೋಗುವುದಿಲ್ಲ ಎಂದ. ಏಳು ತಿಂಗಳಲ್ಲಿ ಮೊದಲ ಸಲ ಎದೆ ಹಗುರ.

ಫೆಬ್ರವರಿ 2

ಕೊನೆಯ ದೃಶ್ಯ ಬಿಟ್ಟು ಎಲ್ಲ ರಸೆಲ್‌ಗೆ ಕಳಿಸಿದೆ. ನಲವತ್ತು ಸೆಕೆಂಡು ಬಾಕಿ — ತಾಯಿ ತಲೆ ಎತ್ತಬೇಕು, ಮಗಳ ಗೆರೆ ಮತ್ತೆ ದಪ್ಪವಾಗಬೇಕು. ಎಷ್ಟು ಬಿಡಿಸಿದರೂ ಸುಳ್ಳೆನಿಸುತ್ತದೆ. ಅಳಿಸಿದೆ.

ಫೆಬ್ರವರಿ 6, ಮಧ್ಯಾಹ್ನ 1.20

ರಸೆಲ್ ಟ್ರೇಲರ್ ಹಾಕಿದ್ದಾನೆ. ನನ್ನ ಚಿತ್ರ ಬರುವ ಮೊದಲು ಅವನ ಮುಖ. ಒದ್ದೆ ಕಣ್ಣು. "ಈ ವಿಡಿಯೋ ಮಾಡಿದ ತಾಯಿ ಫೋನ್ ನೋಡ್ತಾ ಇದ್ಲು. ಅವಳ ಮಗು ಪೂಲಿನಲ್ಲಿ ಮುಳುಗ್ತಾ ಇತ್ತು. ನಿಜ ಕಥೆ." ಕೆಳಗೆ ನನ್ನ ಹೆಸರು, ಟ್ಯಾಗ್ ಮಾಡಿ.

ಇಪ್ಪತ್ತಾರು ಸಾವಿರ ಜನ ನೋಡಿಯಾಗಿದೆ. ಇಂಥವಳಿಗೆ ಮಗು ಯಾಕೆ ಎಂದು ಯಾರದೋ ಕಮೆಂಟು. ಅದಕ್ಕೆ ರಸೆಲ್ ಕೈ ಮುಗಿದ ಇಮೋಜಿ ಹಾಕಿದ್ದಾನೆ.

ಅನೂಪ್ ಟುಬ್ಲಿಯ ವರ್ಕ್‌ಶಾಪಿನಲ್ಲಿ. ನೋಡಿರಲಿಕ್ಕಿಲ್ಲ. ನೋಡಿರಬಾರದು.

ಅದೇ ದಿನ, ಸಂಜೆ

ನೋಡಿದ್ದಾನೆ. ಅವನ ಫೋರ್‌ಮನ್ ಮೊಯಿದಿನ್ ಊಟದ ಹೊತ್ತಿಗೆ ತೋರಿಸಿದನಂತೆ. ಶೂ ಬಿಚ್ಚದೆ ಬಾಗಿಲಲ್ಲೇ ನಿಂತ. ಬೈಯಲಿಲ್ಲ.

"ಮೊಯಿದಿನ್ ಹತ್ರ ನಂಗೆ ಮೊದ್ಲೇ ಗೊತ್ತುಂಟು ಅಂದೆ, ಮಧು. ನನ್ನ ಮಗಳ ವಿಷಯ ನಂಗೇ ಗೊತ್ತಿರ್ಲಿಲ್ಲ ಅಂತ ಹೇಗೆ ಹೇಳುದು?"

ರಸೆಲ್ ನನಗೆ ಮಾಡಿದ್ದು, ನಾನು ಅನೂಪ್‌ಗೆ ಮಾಡಿದ್ದು... ಒಂದೇ ಅಲ್ಲ. ಅಲ್ಲ. ಆದರೂ.

ಫೆಬ್ರವರಿ 8

ಹೋಟೆಲಿನ ಲಾಬಿಗೇ ಹೋದೆ. ಮೂಲೆಯ ಸೋಫಾದಲ್ಲಿ ಕೂರಿಸಿ ನೀರು ತರಿಸಿದ, ಗೆಸ್ಟಿಗೆ ತರಿಸುವ ಹಾಗೆ. ಅದನ್ನು ತೆಗೆ ಎಂದೆ. ತೆಗೆದು ಏನು ಪ್ರಯೋಜನ, ಜನ ಕಾಪಿ ಮಾಡಿಯಾಗಿದೆ ಎಂದ. ಆಮೇಲೆ ತಗ್ಗಿದ ದನಿಯಲ್ಲಿ —

"ಮೂರು ಸೆಕೆಂಡಲ್ಲಿ ಹಿಡೀದಿದ್ರೆ ಜನ ಮುಂದೆ ಹೋಗ್ತಾರೆ ಮಾರಾಯ್ತಿ. ಅಷ್ಟು ಗಟ್ಟಿ ವಿಷಯ ನನ್ನ ಹತ್ರ ಬೇರೆ ಇರ್ಲಿಲ್ಲ."

ಜನರ ಗಮನ ಕದಿಯುವವರ ಮೇಲೆ ಹಾಡು ಬರೆದವನು ಇವನೇ. ಮುಖದಲ್ಲಿ ನಾಚಿಕೆಯ ಸುಳಿವಿಲ್ಲ. ಕೊನೆಯ ದೃಶ್ಯ ಯಾವಾಗ ಕೊಡುತ್ತೀ ಎಂದು ಬೇರೆ ಕೇಳಿದ. ಕೊಡುವುದಿಲ್ಲ ಎಂದು ಎದ್ದು ಬಂದೆ.

ಫೆಬ್ರವರಿ 21

ಹಾಡು ಬಿಡುಗಡೆಯಾಗಿದೆ. ಕೊನೆಗೆ ನನ್ನ ಚಿತ್ರದ ಬದಲು ಅವನೇ ಕ್ಯಾಮೆರಾ ನೋಡಿ ಹಾಡುತ್ತಾನೆ. ತಾಯಿ ತಲೆ ಎತ್ತುವುದೇ ಇಲ್ಲ. ಒಂದು ಲಕ್ಷ ದಾಟಿತು.

ಅನೂಪ್‌ನದು ಎರಡು ವಾರದಿಂದ ಅಗತ್ಯವಿದ್ದಷ್ಟೇ ಮಾತು. ಉಪ್ಪು. ಬಾಗಿಲು. ಲೇಟಾಗ್ತದೆ.

ಫೆಬ್ರವರಿ 24, ಸಂಜೆ 6.30

ಧೃತಿ ಶಾಲೆಯಿಂದ ಬಂದವಳು ಬ್ಯಾಗ್ ಕೂಡ ಇಳಿಸಲಿಲ್ಲ. "ಅಮ್ಮಾ, ಡಿಡ್ ಐ ಡ್ರೌನ್?" ಕ್ಲಾಸಿನಲ್ಲಿ ಯಾರೋ ಹೇಳಿದರಂತೆ. ಅಪ್ಪ ಬರಲಿ ಎಂದೆ.

ಈಗ ಬಂದ. ಅವನ ಹತ್ತಿರವೂ ಅದನ್ನೇ ಕೇಳಿದಳು. ಅನೂಪ್ ನನ್ನ ಕಡೆ ನೋಡಿದ, ನೇರವಾಗಿ.

"ನಂಗೂ ಗೊತ್ತಿಲ್ಲ ಮಗಾ. ಅಮ್ಮನ ಹತ್ರ ಕೇಳುವ."

ಹಾಲಿನಲ್ಲಿ ಕುರ್ಚಿ ಎಳೆದ ಸದ್ದು. ಇಬ್ಬರೂ ಕೂತಿದ್ದಾರೆ. ಎರಡು ನಿಮಿಷ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನು ಮೊದಲು ಇಲ್ಲಿ ಬರೆದು ನೋಡುವ ಎಂದು. ಅಂದು ಸಂಜೆ ನಾಲ್ಕು ಗಂಟೆ. ನೀನು ನನ್ನನ್ನು ಕರೆದೆ ಧೃತಿ. ನನಗೆ ಕೇಳಿಸಿತ್ತು. ಕೇಳಿಸಿಯೂ ನಾನು ತಲೆ ಎತ್ತ —