ಗಣ್ಯರ ಕ್ಲಬ್ಬಿನ ಹುಣಸೆಬೀಜ

ಹುಣಸೂರು
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಫಹ್ಮೀದಾ,

ಪಕ್ಕದ ಪಿರಿಯಾಪಟ್ಟಣಕ್ಕೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ.

ನಮ್ಮ ಯಜಮಾನರ ಕ್ಲಬ್ ಗೊತ್ತಲ್ಲ? ಒಂಬತ್ತು ಗಂಡಸರು ಸೇರಿ ಹೊಗೆಸೊಪ್ಪು ಬೇಯಿಸುತ್ತಿದ್ದ ಹಳೆಯ ಬ್ಯಾರನ್ ಮನೆಗೆ ಸುಣ್ಣ ಬಳಿದು ‘ನಾಲ್ಕು ತಾಲ್ಲೂಕು ಗಣ್ಯರ ಕ್ಲಬ್, ಅಧ್ಯಕ್ಷರು: ರೇಣುಕಾಪ್ರಸಾದ್’ ಎಂದು ಬೋರ್ಡು ಹಾಕಿದ್ದಾರೆ. ಇವರನ್ನು ಗಣ್ಯರೆಂದವರು ಯಾರೋ, ಇವರೇ ಇರಬೇಕು. ಲುಂಗಿ ಉಟ್ಟವರಿಗೆ ಪ್ರವೇಶವಿಲ್ಲ, ಹೆಂಗಸರಿಗಂತೂ ಇಲ್ಲವೇ ಇಲ್ಲ. ಬೂಟು ಕಡ್ಡಾಯ. ಎರಡು ಗಂಟೆ ಬೂಟು ಹಾಕಿಕೊಂಡು ಕೂತು ಬಂದ ಅಧ್ಯಕ್ಷರು ಮನೆಯಲ್ಲಿ ಬಿಸಿನೀರಿಗೆ ಕಾಲು ಇಳಿಬಿಟ್ಟು ನರಳುತ್ತಾರೆ. ಆ ನೀರಿಗೆ ಉಪ್ಪು ಹಾಕಿಕೊಡುವವಳು ನಾನು.

ಹೊಸಬರನ್ನು ಸೇರಿಸಿಕೊಳ್ಳಲು ಗುಟ್ಟಿನ ಮತದಾನವಂತೆ. ಅದರ ಸಾಮಾನು ಹೋದದ್ದು ನನ್ನ ಅಡುಗೆಮನೆಯಿಂದ. ಒಬ್ಬೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ. ಒಪ್ಪಿಗೆಯಿದ್ದರೆ ಡಬ್ಬಿಗೆ ಕಾಳು, ಇಲ್ಲದಿದ್ದರೆ ಬೀಜ. ಉಳಿದದ್ದು ಯಾರಿಗೂ ಕಾಣದ ಹಾಗೆ ಜೇಬಿಗೆ. ಒಂದೇ ಒಂದು ಬೀಜ ಬಿದ್ದರೂ ಅರ್ಜಿ ವಜಾ. ಆ ತೇಗದ ಡಬ್ಬಿ ಮಾಡಿದ್ದು ನಿನ್ನ ಗಂಡ ಖದೀರ್ ಭಾಯಿ. ಅಲ್ಲಿನ ಮೇಜು ಕುರ್ಚಿಗಳೂ ಅವರ ಕೈಕೆಲಸವೇ. ಹೋದ ಭಾನುವಾರ ಅದೇ ಡಬ್ಬಿಯಲ್ಲಿ ಅವರ ಅರ್ಜಿಗೆ ಬಿದ್ದದ್ದು ಎಂಟು ಕಾಳು, ಒಂದು ಬೀಜ.

ಅವತ್ತು ಮಧ್ಯಾಹ್ನ ಇವರು ಮನೆಗೆ ಬಂದು ಊಟ ಬೇಡವೆಂದರು. ‘ಖದೀರ ನನ್ ತಮ್ಮ ಇದ್ದಂಗೆ ಕಣೆ. ಅವನಿಗೋಸ್ಕರ ಎಲ್ಲರ ಮ್ಯಾಲೂ ಜಗಳ ಆಡ್ಬುಟ್ಟೆ. ಯಾವನೋ ಕಳ್ಳ ಬೀಜ ಆಕ್ಬುಟ್ಟ’ ಅಂದರು. ಕಣ್ಣಲ್ಲಿ ನೀರೂ ಬಂತು. ಪೆದ್ದಿ ನಾನು, ನಂಬಿದೆ, ಮಜ್ಜಿಗೆ ಕೊಟ್ಟು ಸಮಾಧಾನವನ್ನೂ ಮಾಡಿದೆ.

ನಿಮ್ಮ ಮನೆಗೂ ಫೋನ್ ಮಾಡಿ ಅದನ್ನೇ ಹೇಳಿದರಂತೆ. ತನ್ನ ಪರ ಜಗಳವಾಡಿದ ಗೆಳೆಯನಿಗೆಂದು ಖದೀರ್ ಭಾಯಿ ಅಧ್ಯಕ್ಷರ ಕುರ್ಚಿಯನ್ನು ಪ್ರೀತಿಯಿಂದ ಕೆತ್ತುತ್ತಿದ್ದಾರೆ, ನಾಡಿದ್ದು ಭಾನುವಾರ ಕ್ಲಬ್ಬಿನ ಉದ್ಘಾಟನೆಗೆ ತಾವೇ ತರುತ್ತಾರೆ ಎಂದು ನಿನ್ನೆ ರಾತ್ರಿ ನೀನು ಹೇಳಿದೆಯಲ್ಲ, ಆಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಫಹ್ಮೀದಾ, ಆ ಕುರ್ಚಿ ಇಲ್ಲಿಗೆ ಬರಕೂಡದು. ಹೇಗಾದರೂ ತಡೆ. ಅದರಲ್ಲಿ ನಿನ್ನ ಮಾವನವರು ಕೂರಲಿ, ನೀನು ಕೂರು, ನಿಮ್ಮ ಬೆಕ್ಕು ಬೇಕಾದರೂ ಕೂರಲಿ. ಪ್ರತಿ ಈದ್‌ಗೂ ನಿಮ್ಮ ಮನೆಯ ಶಾವಿಗೆ ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಳ್ಳುವ ಮನುಷ್ಯ ಮಾತ್ರ ಕೂರಬಾರದು. ಯಾಕೆಂದು ಬರೆಯಲು ಹೊರಟರೆ ಕೈ ಓಡುತ್ತಿಲ್ಲ, ನಾಚಿಕೆಯಾಗುತ್ತದೆ.

ನಿನ್ನ,
ಹೇಮಶ್ರೀ

ವಿ.ಸೂ.: ನಿನ್ನೆ ಒಗೆಯಲು ತೆಗೆದಾಗ ಇವರು ಹೋದ ಭಾನುವಾರ ತೊಟ್ಟಿದ್ದ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದನ್ನು ಈ ಕಾಗದದೊಳಗೆ ಮಡಚಿಟ್ಟಿದ್ದೇನೆ. ಡಬ್ಬಿಗೆ ಬೀಳಬೇಕಿದ್ದ ಅವರೆಕಾಳು. ಖದೀರ್ ಭಾಯಿಯ ಕೈಗೆ ಕೊಡು.