ಓದು ಕೇಳುವ ಆ್ಯಪ್ ಬಗ್ಗೆ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ಮಕ್ಕಳ ಓದು ಕೇಳಿ ತಪ್ಪು ತಿದ್ದುವ ಆ್ಯಪ್ ನಮ್ಮ ತರಗತಿಗೆ ಬೇಕೋ ಬೇಡವೋ ಎಂದು ಇಂದೇ ಬರೆದುಕೊಡಲು ಹೇಳಿದ್ದಿರಿ. ನನಗೆ ಏನೂ ತೋಚುತ್ತಿಲ್ಲ.

ನಮ್ಮ ತರಗತಿಯಲ್ಲಿ ಮಾತು ತೊದಲುವ ಹುಡುಗಿಯೊಬ್ಬಳು ಈ ವರ್ಷ ನನ್ನೆದುರು ಒಂದಕ್ಷರವನ್ನೂ ಓದಿರಲಿಲ್ಲ. ಪ್ರಯೋಗಕ್ಕೆಂದು ಕೊಟ್ಟ ಆ್ಯಪ್ ಮುಂದೆ ಇಡೀ ಪಾಠ ಓದಿದಳು. ತೊದಲಿದ್ದನ್ನೆಲ್ಲ ಅದು ತಪ್ಪೆಂದು ಹಿಡಿದು ಸೊನ್ನೆ ಕೊಟ್ಟಿತು. ಅವಳು ನಗುತ್ತಲೇ ಮತ್ತೆ ಶುರುಮಾಡಿದಳು.

"ಬೇಜಾರಾಗ್ಲಿಲ್ವೇನೇ?" ಎಂದೆ.

"ಇ-ಇಲ್ಲ ಮಿಸ್. ಅದು ನನ್ನ ಮುಖ ನೋಡಲ್ಲ."

ಇವಳಿಗೆ ಸೊನ್ನೆ ಕೊಡುವ ಆ್ಯಪ್ ಬೇಕೆಂದು ಹೇಗೆ ಬರೆಯಲಿ? ಬೇಡವೆಂದರೆ ಅವಳು ಮತ್ತೆ ಬಾಯಿ ಬಿಡದಿದ್ದರೆ?

ನಿನ್ನೆ ಕಿಟಕಿಯ ಕಡೆ ತಿರುಗಿ ನಿಂತು, "ಈಗ ಓದಮ್ಮ" ಎಂದೆ. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ಎರಡು ಸಾಲು ಕೇಳಿಸಿತು. ನಾನು ತಿರುಗಲಿಲ್ಲ.

ದಯವಿಟ್ಟು ಇನ್ನೊಂದು ವಾರ ಸಮಯ ಕೊಡಿ.

ಇಂತಿ,
ಮೂರನೇ ತರಗತಿಯ ಶಿಕ್ಷಕಿ